ತಂದೆಯವರ ಹಾಜರಿ ಪುಸ್ತಕ

ನವೆಂಬರ್ ತಿಂಗಳು ಮೃತರ ಸ್ಮರಣೆಗೆ ಮೀಸಲಾದ ತಿಂಗಳು. ತಿಂಗಳ ಎರಡನೆಯ ದಿನ ನಮ್ಮ ಕರಾವಳಿಯ ಇಗರ್ಜಿಗಳ ಸ್ಮಶಾನಗಳು ಹೂವುಗಳಿಂದಲೂ ಮೇಣದ ಬತ್ತಿಗಳಿಂದಲೂ ತುಂಬಿರುತ್ತವೆ. ಅದಕ್ಕೆ ಒಂದು ವಾರ ಮೊದಲೇ ಮನೆಮನೆಯವರು ಕತ್ತಿ, ಹಾರೆ ಹಿಡಿದು ಬಂದು ಮಳೆಗಾಲದ ಹುಲ್ಲನ್ನು ಕಿತ್ತು, ಸಮಾಧಿಗಳಿಗೆ ಸುಣ್ಣ ಬಳಿದು, ಶಿಲುಬೆಯ ಮೇಲೆ ಮಾಸಿಹೋದ ಅಕ್ಷರಗಳನ್ನು ಕಪ್ಪು ಬಣ್ಣದಲ್ಲಿ ತಿದ್ದುತ್ತಾರೆ. ನಮ್ಮ ಮನೆಯಲ್ಲಿ ಆ ಅಕ್ಷರಗಳನ್ನು ತಿದ್ದುವ ಕೆಲಸ ನನ್ನದು. ಅಕ್ಷರ ಸೊಟ್ಟಗಾದರೆ ಮಣ್ಣಿನೊಳಗಿನಿಂದಲೇ ಯಾರೋ ಗದರಿಸುವರೇನೋ ಎಂಬ ಅಳುಕು ನನಗೆ ಈಗಲೂ ಇದೆ. ಏಕೆಂದರೆ ಅಲ್ಲಿ ಮಲಗಿರುವವರು ಶಾಲಾ ಮಾಸ್ತರರು, ನನ್ನ ತಂದೆಯವರು.

ಅವರು ನಮ್ಮನ್ನು ಅಗಲಿದ್ದು 1992ರ ಅಕ್ಟೋಬರ್ ತಿಂಗಳಲ್ಲಿ, ನಾಲಿಗೆಯ ಕ್ಯಾನ್ಸರಿನಿಂದ. ಆಗ ಅವರ ವಯಸ್ಸು 63. ಆ ವಯಸ್ಸನ್ನು ನಾನು ಈಗ ದಾಟಿದ್ದೇನೆ. ತಂದೆಗಿಂತ ಹಿರಿಯನಾದ ಮಗನಿಗೆ ತಂದೆಯ ಬದುಕು ಬೇರೆಯೇ ಬೆಳಕಿನಲ್ಲಿ ಕಾಣಿಸತೊಡಗುತ್ತದೆ. ಅಂದು ಅರ್ಥವಾಗದ ಕೆಲವು ಸಂಗತಿಗಳು ಇಂದು ಅರ್ಥವಾಗುತ್ತವೆ. ಅಂದು ನಾವು ಹೆಮ್ಮೆಪಟ್ಟ ಕೆಲವು ಸಂಗತಿಗಳಿಗಾಗಿ ಇಂದು ಪಶ್ಚಾತ್ತಾಪವೂ ಆಗುತ್ತದೆ. ಅಂತಹ ಒಂದು ಪಶ್ಚಾತ್ತಾಪವನ್ನು ಓದುಗ ಬಾಂಧವರ ಮುಂದೆ ತೋಡಿಕೊಳ್ಳುವುದೇ ಈ ಬರಹದ ಉದ್ದೇಶ.

ಮನೆಯ ಹಾಜರಿ

ತಂದೆಯವರು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ಇಗರ್ಜಿಗೆ ಸೇರಿದ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 37 ವರ್ಷಗಳ ಕಾಲ ಕನ್ನಡ ಕಲಿಸಿದವರು. ಮನೆಮಾತು ಕೊಂಕಣಿ, ನೆರೆಹೊರೆಯದು ತುಳು. ಆದರೆ ಶಾಲೆಯ ಮೆಟ್ಟಿಲೇರಿದೊಡನೆ ಅವರ ಬಾಯಿಂದ ಬರುತ್ತಿದ್ದುದು ಅಚ್ಚ ಕನ್ನಡ. ಊರಿನ ಮೂರು ತಲೆಮಾರಿನ ಮಕ್ಕಳ ಕೈಹಿಡಿದು 'ಅ, ಆ' ಬರೆಯಿಸಿದವರು ಅವರು. ನಾವು ಮನೆಯಲ್ಲಿ ಅವರನ್ನು 'ಪಪ್ಪಾ' ಎಂದು ಕರೆಯುತ್ತಿದ್ದರೂ ಶಾಲೆಯ ಆವರಣದೊಳಗೆ 'ಮಾಸ್ಟ್ರೇ' ಎಂದೇ ಕರೆಯಬೇಕಿತ್ತು. ಅಲ್ಲಿ ನಮಗಾಗಿ ವಿಶೇಷ ರಿಯಾಯಿತಿ ಇರಲಿಲ್ಲ. ಒಂದು ಪೆಟ್ಟು ಹೆಚ್ಚೇ ಬೀಳುತ್ತಿತ್ತು.

ಮಳೆಗಾಲದಲ್ಲಿ ಶಾಲೆಯ ದಾರಿಯ ತೋಡು ತುಂಬಿ ಹರಿಯುತ್ತಿತ್ತು. ತಂದೆಯವರು ಮುಂಡನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿಕೊಂಡು ಮೊದಲು ನೆರೆಯವರ ಮಕ್ಕಳನ್ನು ಹೆಗಲ ಮೇಲೆ ಹೊತ್ತು ದಾಟಿಸಿ, ಕೊನೆಗೆ ನಮ್ಮನ್ನು ದಾಟಿಸುತ್ತಿದ್ದರು. "ನಮ್ಮನ್ನು ಯಾಕೆ ಕೊನೆಗೆ?" ಎಂದು ತಂಗಿ ಒಮ್ಮೆ ಮುನಿಸಿಕೊಂಡು ಕೇಳಿದ್ದುಂಟು. "ನೀವು ನನ್ನವರು, ಕಾಯುತ್ತೀರಿ" ಎಂದಷ್ಟೇ ಉತ್ತರ ಬಂದಿತ್ತು. ಅವರ ಪ್ರೀತಿಯ ರೀತಿಯೇ ಹಾಗೆ. ಅದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ.

ಸಂಜೆ ಏಳಕ್ಕೆ ಇಗರ್ಜಿಯ ಗಂಟೆ ಬಾರಿಸಿದೊಡನೆ ದೇವರ ಪೀಠದ ಮುಂದೆ ಚಾಪೆ ಹಾಸಬೇಕು. ಜಪಸರವನ್ನು ಮುನ್ನಡೆಸುವವರು ತಂದೆಯವರು. ಅವರ ಕಂಠ ಗಂಭೀರ, ಉಚ್ಚಾರ ಸ್ಪಷ್ಟ. ಪ್ರಾರ್ಥನೆ ಮುಗಿದ ಮೇಲೆ ನಾವು ಒಬ್ಬೊಬ್ಬರಾಗಿ ಅವರ ಮುಂದೆ ಕೈಜೋಡಿಸಿ, ನಮ್ಮ ಪದ್ಧತಿಯಂತೆ "ಬೆಸಾಂವ್ ದೀ ಪಪ್ಪಾ", ಅಂದರೆ ಆಶೀರ್ವದಿಸಿ ಎಂದು ಬೇಡುತ್ತಿದ್ದೆವು. "ದೇವ್ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ ಎಂದು ಹರಸಿ ಅವರು ತಲೆಯ ಮೇಲೆ ಕೈಯಿಡುತ್ತಿದ್ದರು. ಆ ಅಂಗೈಯಲ್ಲಿ ಸೀಮೆಸುಣ್ಣದ ವಾಸನೆ ಇರುತ್ತಿತ್ತು.

ಇದಾದ ಮೇಲೆ ನಮ್ಮ ಮನೆಗೇ ವಿಶಿಷ್ಟವಾದ ಒಂದು ವಿಧಿ ನಡೆಯುತ್ತಿತ್ತು. ಶಾಲೆಯಲ್ಲಿ ಉಪಯೋಗಿಸದೆ ಉಳಿದ ಹಾಜರಿ ಪುಸ್ತಕವೊಂದನ್ನು, ಹಣಕೊಟ್ಟು, ತಂದೆಯವರು ಮನೆಗೆ ತಂದಿದ್ದರು. ಅದರಲ್ಲಿ ಅಮ್ಮನ ಹೆಸರು, ನಮ್ಮ ನಾಲ್ವರ ಹೆಸರು, ಕೊನೆಯ ಸಾಲಿನಲ್ಲಿ ತಮ್ಮ ಹೆಸರು ಬರೆದು, ಪ್ರತಿದಿನ ಜಪಸರಕ್ಕೆ ಕುಳಿತವರ ಮುಂದೆ 'ಹಾ' ಎಂದು, ತಪ್ಪಿಸಿಕೊಂಡವರ ಮುಂದೆ 'ಗೈ' ಎಂದು ಗುರುತು ಹಾಕುತ್ತಿದ್ದರು. ಹಾಜರಿ, ಗೈರುಹಾಜರಿ. ಕೊನೆಯ ಅಂಕಣ ಷರಾ ಬರೆಯಲಿಕ್ಕೆ. 'ಜ್ವರ', 'ಯಕ್ಷಗಾನಕ್ಕೆ ಓಡಿದ್ದಾನೆ', 'ನಿದ್ದೆ. ಎಬ್ಬಿಸಲಿಲ್ಲ', ಇಂತಹ ಟಿಪ್ಪಣಿಗಳು. ತಿಂಗಳ ಕೊನೆಗೆ ಪೂರ್ಣ ಹಾಜರಿ ಇದ್ದವರಿಗೆ ಒಂದು ಪೆಪ್ಪರ್‌ಮಿಂಟು. ಊರವರು ಇದನ್ನು ಕೇಳಿ ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಆದರೆ ತಂದೆಯವರ ಹೆಸರಿನ ಮುಂದೆ 'ಗೈ' ಎಂಬ ಅಕ್ಷರವನ್ನು ನಾವು ಯಾರೂ ಕಂಡವರಲ್ಲ.

ನಾನು 1984ರಲ್ಲಿ ಕುವೈತಿಗೆ ಹೋದೆ. ಅಲ್ಲಿ ಒಂದು ಉಗ್ರಾಣದಲ್ಲಿ ಲೆಕ್ಕ ಬರೆಯುವ ಕೆಲಸ. ರಜೆಯಲ್ಲಿ ಊರಿಗೆ ಬಂದಾಗ ಕುತೂಹಲದಿಂದ ಆ ಪುಸ್ತಕವನ್ನು ತೆರೆದು ನೋಡಿದೆ. ನನ್ನ ಹೆಸರನ್ನು ಅವರು ಹೊಡೆದುಹಾಕಿರಲಿಲ್ಲ. ಎರಡು ವರ್ಷಗಳ ಉದ್ದಕ್ಕೂ ನನ್ನ ಹೆಸರಿನ ಮುಂದೆ 'ಗೈ' ಎಂದೂ ಇರಲಿಲ್ಲ. ದಿನವೂ ತಪ್ಪದೆ 'ರ' ಎಂದು ಬರೆದಿದ್ದರು. ರಜೆ. ಮರುಭೂಮಿಯ ಬಿಸಿಲಿನಲ್ಲಿದ್ದ ಮಗ ಅವರ ದೃಷ್ಟಿಯಲ್ಲಿ ಗೈರುಹಾಜರಾದವನಲ್ಲ, ರಜೆಯ ಮೇಲೆ ಹೋದವನು.

ಮುಚ್ಚಿಟ್ಟ ಹುಣ್ಣು

ತಂದೆಯವರಿಗೆ ಇದ್ದ ಒಂದೇ ಚಟ ಎಲೆಯಡಿಕೆ. ವೀಳ್ಯದೆಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಎಳೆ ಹೊಗೆಸೊಪ್ಪು. ನಮ್ಮ ಜಿಲ್ಲೆಯಲ್ಲಿ ಇದನ್ನು ಚಟವೆಂದು ಕರೆಯುವವರೇ ಅಂದು ಇರಲಿಲ್ಲ. ಮನೆಗೆ ಬಂದವರ ಮುಂದೆ ಎಲೆಯಡಿಕೆಯ ಹರಿವಾಣವನ್ನು ಇಡುವುದೇ ಮರ್ಯಾದೆ. ತರಗತಿಯಲ್ಲಿ ಅವರು ಜಗಿಯುತ್ತಿರಲಿಲ್ಲ. ಭಾನುವಾರ ಇಗರ್ಜಿಯ ಬಾವಿಕಟ್ಟೆಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿಯೇ ಒಳಗೆ ಕಾಲಿಡುತ್ತಿದ್ದರು. ರಾತ್ರಿ ಮಾತ್ರ ಹೊಗೆಸೊಪ್ಪಿನ ತುಂಡನ್ನು ಎಡದವಡೆಯಲ್ಲಿ ಇಟ್ಟುಕೊಂಡೇ ನಿದ್ದೆ ಹೋಗುವುದು ವಾಡಿಕೆ.

1990ರ ತಪಸ್ಸು ಕಾಲದಲ್ಲಿ ಅವರ ನಾಲಿಗೆಯ ಎಡ ಅಂಚಿನಲ್ಲಿ ಕಡಲೆಕಾಳಿನಷ್ಟು ಹುಣ್ಣು ಕಾಣಿಸಿಕೊಂಡಿತು. ನೋವು ಇರಲಿಲ್ಲ. ಹಲ್ಲು ತಾಗಿ ಆಗಿರಬೇಕೆಂದು ಜೇನುತುಪ್ಪ ಸವರಿದರು. ವಾಸಿಯಾಗಲಿಲ್ಲ. ಮೇ ತಿಂಗಳಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು. 'ಮದುವೆ ಮುಗಿಯಲಿ' ಎಂದುಕೊಂಡರು. ಮದುವೆ ಮುಗಿಯಿತು, ಸಾಲ ಉಳಿಯಿತು. 'ಮಗನ ಹಣ ಬರಲಿ' ಎಂದುಕೊಂಡರು. ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅದರೊಂದಿಗೆ ನಮ್ಮ ಕರಾವಳಿಯ ಸಾವಿರಾರು ಮನೆಗಳ ಒಲೆಯೂ ಆರಿತು. ಬ್ಯಾಂಕಿನಲ್ಲಿದ್ದ ಹಣ, ಬರಬೇಕಿದ್ದ ಸಂಬಳ ಎಲ್ಲವನ್ನೂ ಬಿಟ್ಟು ಬಾಗ್ದಾದಿನ ದಾರಿಯಾಗಿ ಜೋರ್ಡಾನಿನ ಅಮ್ಮಾನಿಗೆ ಬಂದು, ಡೇರೆಗಳಲ್ಲಿ ಕಾದು, ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದಿಳಿದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ನಾನೂ ಒಬ್ಬ. ಕೈಯಲ್ಲಿ ಒಂದು ಬಟ್ಟೆಚೀಲವಿತ್ತು, ಅಷ್ಟೆ.

ಸೆಪ್ಟೆಂಬರ್ ಕೊನೆಗೆ ಮನೆ ಸೇರಿದಾಗ ತಂದೆಯವರು ಅಂಗಳದಲ್ಲೇ ಕಾದು ನಿಂತಿದ್ದರು. ಮಾತನಾಡುವಾಗ ಅವರ ಉಚ್ಚಾರ ಸ್ವಲ್ಪ ತೊದಲಿತು. ಸಂತೋಷಕ್ಕೆ ಇರಬೇಕೆಂದು ನಾನು ಭಾವಿಸಿದೆ. ಊಟಕ್ಕೆ ಕುಳಿತಾಗ ಸಾರಿನ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂದುದನ್ನು ತಂಗಿಯೇ ಮೊದಲು ಗಮನಿಸಿದಳು. ಬಲವಂತದಿಂದ ಬಾಯಿ ತೆರೆಸಿ ಬ್ಯಾಟರಿಯ ಬೆಳಕಿನಲ್ಲಿ ನೋಡಿದೆವು. ಏಳು ತಿಂಗಳ ಕಾಲ ಆ ಮನುಷ್ಯ ಮದುವೆಯ ನಗುವಿನ ಹಿಂದೆ, ಯುದ್ಧದ ಸುದ್ದಿಯ ಹಿಂದೆ ಮುಚ್ಚಿಟ್ಟಿದ್ದುದು ನಮ್ಮ ಕಣ್ಣಿಗೆ ಬಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬಾಯಿಯ ಹುಣ್ಣು ಎರಡು ಮೂರು ವಾರಗಳಲ್ಲಿ ವಾಸಿಯಾಗದಿದ್ದರೆ, ಬಿಳಿಯ ಅಥವಾ ಕೆಂಪು ಮಚ್ಚೆ ಮೂಡಿದ್ದರೆ, ಬಾಯಿ ತೆರೆಯಲು ಬಿಗಿಯಾಗುತ್ತಿದ್ದರೆ, ನೋವಿಲ್ಲವೆಂದು ಸುಮ್ಮನಿರಬಾರದು. ಮೊದಲ ಹಂತದಲ್ಲಿ ನೋವಿಲ್ಲದಿರುವುದೇ ಈ ರೋಗದ ಮೋಸ. ಆ ಹಂತದಲ್ಲಿ ಕಂಡುಕೊಂಡರೆ ಗುಣಪಡಿಸುವ ಸಾಧ್ಯತೆ ಬಹಳ ಹೆಚ್ಚು. ಹೊಗೆಸೊಪ್ಪು ಬೆರೆಸಿದ ಎಲೆಯಡಿಕೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1985ರಲ್ಲಿಯೇ ಸಾರಿತ್ತು. ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯೂ, ಬರಿಯ ಅಡಿಕೆಯೂ ಕಾರಣವಾಗಬಲ್ಲುದೆಂದು 2004ರಲ್ಲಿ ಅದು ಪ್ರಕಟಿಸಿತು. ಅಡಿಕೆ ತೋಟದ ನೆರಳಿನಲ್ಲಿ ಬೆಳೆದ ನಮಗೆ ಇದು ಹಿತವಾದ ಮಾತಲ್ಲ; ಆದರೂ ಕೇಳಿಸಿಕೊಳ್ಳಬೇಕಾದ ಮಾತು.

ಮಾತು ಹೋದ ಮೇಲೆ

ನವೆಂಬರ್ ತಿಂಗಳಲ್ಲಿ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಾಲಿಗೆಯ ಹೆಚ್ಚಿನ ಭಾಗವನ್ನು, ಕತ್ತಿನ ಗಂಟುಗಳನ್ನು ತೆಗೆದರು. ಖರ್ಚಿಗೆ ಅಮ್ಮನ ಕರಿಮಣಿ ಸರ ಹೋಯಿತು. ಮರುವರ್ಷದ ಆರಂಭದಲ್ಲಿ ವಿಕಿರಣ ಚಿಕಿತ್ಸೆಗಾಗಿ ಶಿರಾಡಿ ಘಾಟಿಯ ದಾರಿಯಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. 1973ರಿಂದ ನಾಡಿನ ಬಡ ರೋಗಿಗಳಿಗೆ ಆಸರೆಯಾಗಿರುವ ಕಿದ್ವಾಯಿ ಸಂಸ್ಥೆಯಲ್ಲಿ ವಾರಕ್ಕೆ ಐದು ದಿನಗಳಂತೆ ಆರು ವಾರ. ರಾಯಚೂರಿನಿಂದ, ಬಿಜಾಪುರದಿಂದ ಬಂದವರು ಕೈಯಲ್ಲಿ ಚೀಟಿ ಹಿಡಿದು ಸಾಲಿನಲ್ಲಿ ಕುಳಿತಿರುತ್ತಿದ್ದರು. ಅವರಲ್ಲಿ ಅಕ್ಷರ ಬಾರದವರ ಚೀಟಿಗಳನ್ನು ತಂದೆಯವರು ಓದಿ, ಯಾವ ಕೋಣೆಗೆ ಹೋಗಬೇಕೆಂದು ಬೆರಳು ತೋರಿಸುತ್ತಿದ್ದರು. ಮಾತು ಹೋಗಿದ್ದರೂ ಮಾಸ್ತರಿಕೆ ಹೋಗಿರಲಿಲ್ಲ.

ಊರಿಗೆ ಮರಳಿದ ಮೇಲೆ ಶಾಲೆಯಿಂದ ಒಂದು ಸ್ಲೇಟು ತರಿಸಿಕೊಂಡರು. ಅಲ್ಲಿಂದ ಮುಂದೆ ಅವರ ಮಾತೆಲ್ಲ ಬಳಪದಲ್ಲಿ. ಕೊಂಕಣಿಯ ಮಾತನ್ನು ಕನ್ನಡ ಲಿಪಿಯಲ್ಲಿ, ದುಂಡಗಿನ ಅಕ್ಷರಗಳಲ್ಲಿ ಬರೆಯುತ್ತಿದ್ದರು. 'ಪುತಾ, ತೆಂಗಿಗೆ ನೀರು ಬಿಟ್ಟೆಯಾ?' 'ಸಾಲದ ಕಂತು ಕಟ್ಟಿದೆಯಾ?' ಒಮ್ಮೆ ನಾನು ಬರೆದ ಅರ್ಜಿಯೊಂದನ್ನು ನೋಡಿ ಸ್ಲೇಟಿನಲ್ಲಿ ದೊಡ್ಡದಾಗಿ 'ದೀರ್ಘ ಬಿಟ್ಟಿದ್ದೀ' ಎಂದು ಬರೆದು ತೋರಿಸಿದರು. ಜಪಸರವನ್ನು ಮುನ್ನಡೆಸುವ ಕೆಲಸ ಅಮ್ಮನಿಗೆ ಬಂತು. ತಂದೆಯವರು ಗೋಡೆಗೆ ಒರಗಿ ಕುಳಿತು ಬೆರಳುಗಳಲ್ಲಿ ಮಣಿಗಳನ್ನು ಸರಿಸುತ್ತಿದ್ದರು. ಕೊನೆಯಲ್ಲಿ ಹಾಜರಿ ಪುಸ್ತಕವನ್ನು ಮಾತ್ರ ಬೇರೆಯವರ ಕೈಗೆ ಕೊಡಲಿಲ್ಲ.

ಒಂದು ವರ್ಷ ಚೆನ್ನಾಗಿಯೇ ಕಳೆಯಿತು. 1992ರ ಬೇಸಗೆಯಲ್ಲಿ ಕತ್ತಿನ ಎಡಭಾಗ ಮತ್ತೆ ಊದಿಕೊಂಡಿತು. ವೈದ್ಯರು ನನ್ನನ್ನು ಹೊರಗೆ ಕರೆದು, ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು. 'ಮಾಡುವಂಥದ್ದೇನೂ ಇಲ್ಲ' ಎಂಬ ಮಾತು ಎಷ್ಟು ತಪ್ಪು ಎಂದು ತಿಳಿಯಲು ನನಗೆ ಅನೇಕ ವರ್ಷಗಳು ಬೇಕಾದವು.

"ಮಾಸ್ತರರು ಸಂತರು"

ಆ ಮಳೆಗಾಲದಲ್ಲಿ ನೋವು ಶುರುವಾಯಿತು. ಕತ್ತಿನಿಂದ ಕಿವಿಗೆ, ಕಿವಿಯಿಂದ ತಲೆಗೆ ಸುತ್ತಿಗೆಯಲ್ಲಿ ಹೊಡೆದಂತೆ ಎಂದು ಒಂದೇ ಒಂದು ಸಲ ಸ್ಲೇಟಿನಲ್ಲಿ ಬರೆದರು. ಕೂಡಲೇ ಅಳಿಸಿದರು. ಜ್ವರಕ್ಕೆ ಕೊಡುವ ಮಾತ್ರೆಗಳನ್ನೇ ಪುಡಿಮಾಡಿ ಗಂಜಿಯಲ್ಲಿ ಕಲಸಿ ಕೊಡುತ್ತಿದ್ದೆವು. ವಾರಕ್ಕೆ ಎರಡು ಸಲ ಕಂಪೌಂಡರು ಬಂದು ಸೂಜಿಮದ್ದು ಹಾಕಿ ಹೋಗುತ್ತಿದ್ದರು. ಅದರ ಬಲ ಎರಡು ಮೂರು ಗಂಟೆ. ಮಾರ್ಫಿನ್ ಎಂಬ ಔಷಧವಿದೆಯಂತೆ ಎಂದು ಯಾರಿಂದಲೋ ತಿಳಿದು ನಾನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದೆ. ಒಂದು ಕಡೆ, ಅದಕ್ಕೆ ಲೈಸೆನ್ಸ್ ಇಲ್ಲ ಎಂದರು. ಇನ್ನೊಂದು ಕಡೆ, ಅದು ಅಫೀಮು, ಚಟ ಹತ್ತುತ್ತದೆ ಎಂದರು. ಇನ್ನು ಕೆಲವು ತಿಂಗಳು ಬದುಕುವ 63 ವರ್ಷದ ಮನುಷ್ಯನಿಗೆ ಚಟ ಹತ್ತಿದರೆ ಆಗುವ ನಷ್ಟವೇನು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ತಂದೆಯವರು ನರಳಲಿಲ್ಲ. ನೋಡಲು ಬಂದವರಿಗೆ ಕುರ್ಚಿ ತೋರಿಸಿ ನಗುತ್ತಿದ್ದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಹರಸಿ ಕೊಟ್ಟ ಹೊಸ ತೆನೆಯ ಕಾಳುಗಳನ್ನು ಅಮ್ಮ ಅರೆದು ಹಾಲಿನಲ್ಲಿ ಕದಡಿ ಎಲ್ಲರಿಗೂ ಕೊಟ್ಟರು. ತಂದೆಯವರಿಗೆ ಅರ್ಧ ಚಮಚ. ಅದನ್ನು ನುಂಗಲು ಅವರು ಕಾಲು ಗಂಟೆ ತೆಗೆದುಕೊಂಡರು. ನುಂಗಿದ ಮೇಲೆ ಕೈಜೋಡಿಸಿದರು. ಅದನ್ನು ಕಂಡ ನೆರೆಯವರು ಕಣ್ಣೊರಸಿಕೊಂಡು, "ಮಾಸ್ತರರು ಸಂತರು. ಯೇಸುಸ್ವಾಮಿಯ ಶಿಲುಬೆಯಲ್ಲಿ ಪಾಲು ಪಡೆಯುತ್ತಿದ್ದಾರೆ" ಎಂದರು. ಆ ಮಾತು ಊರಲ್ಲೆಲ್ಲ ಹಬ್ಬಿತು. ಸತ್ಯ ಹೇಳಬೇಕೆಂದರೆ, ಅದನ್ನು ಕೇಳಿ ನಮಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ನಾನು ಆಸ್ಪತ್ರೆಗಳಿಗೆ ಅಲೆಯುವುದನ್ನೂ ನಿಲ್ಲಿಸಿದೆ. ಸಂತರಿಗೆ ಮದ್ದು ಹುಡುಕುವವರು ಯಾರು?

ಅಕ್ಟೋಬರ್ ತಿಂಗಳ ಕೊನೆಯ ವಾರ ಪೇಟೆಯಿಂದ ಒಬ್ಬ ವೈದ್ಯರು ತಾವಾಗಿಯೇ ಮನೆಗೆ ಬಂದರು. ತಂದೆಯವರ ಹಳೆಯ ವಿದ್ಯಾರ್ಥಿ. ಕಾಲುಮುಟ್ಟಿ ನಮಸ್ಕರಿಸಿ ಮಂಚದ ಬದಿಯಲ್ಲಿ ಕುಳಿತವರು ಬೇರೇನನ್ನೂ ಕೇಳಲಿಲ್ಲ. "ಮಾಸ್ಟ್ರೇ, ನೋವು ಎಷ್ಟಿದೆ?" ಎಂದರು. ಅಷ್ಟು ತಿಂಗಳುಗಳಲ್ಲಿ ಆ ಪ್ರಶ್ನೆಯನ್ನು ಹಾಗೆ ನೇರವಾಗಿ ಕೇಳಿದವರು ಅವರೊಬ್ಬರೇ. ತಂದೆಯವರು ಸ್ಲೇಟನ್ನು ಎತ್ತಿಕೊಳ್ಳಲಿಲ್ಲ. ತಮ್ಮ ಶಿಷ್ಯನ ಕೈಯನ್ನು ಹಿಡಿದುಕೊಂಡು ಮಗುವಿನಂತೆ ಅತ್ತರು. ನಾನು ತಂದೆಯವರ ಕಣ್ಣೀರನ್ನು ಕಂಡದ್ದು ಅದೇ ಮೊದಲು. ವೈದ್ಯರು ಎದ್ದು ಹೋಗಿ, ಸಂಜೆಯೊಳಗೆ ಎಲ್ಲಿಂದಲೋ ಮಾರ್ಫಿನ್ ಸೂಜಿಮದ್ದನ್ನು ಹೊಂದಿಸಿ ತಂದರು. ಮುಂದಿನ ನಾಲ್ಕು ದಿನ ಬೆಳಿಗ್ಗೆ ಸಂಜೆ ಅವರೇ ಬಂದು ಹೋದರು. ಒಬ್ಬ ಧರ್ಮಭಗಿನಿ ರಾತ್ರಿಯ ಸೂಜಿಯನ್ನು ನೋಡಿಕೊಂಡರು. ತಂದೆಯವರು ನಿದ್ದೆ ಮಾಡಿದರು. ಎದ್ದಾಗ ಮುಖದ ಗೆರೆಗಳು ಸಡಿಲವಾಗಿದ್ದವು.

ಐದನೆಯ ದಿನ ಮುಂಜಾನೆ, ಧರ್ಮಗುರುಗಳು ಬಂದು ಅಭ್ಯಂಗನ ನೀಡಿ ಹೋದ ಎರಡು ಗಂಟೆಗಳ ಬಳಿಕ, ಅವರು ಶಾಂತರಾಗಿ ಕಣ್ಣುಮುಚ್ಚಿದರು. ಅದು ಜಪಸರದ ಮಾತೆಗೆ ಮೀಸಲಾದ ತಿಂಗಳು. ಕೆಲವೇ ದಿನಗಳಲ್ಲಿ ಮೃತರ ಸ್ಮರಣೆಯ ದಿನ ಬಂತು. ಎಲ್ಲ ಸಮಾಧಿಗಳೂ ಸುಣ್ಣ ಬಳಿದು ಬೆಳ್ಳಗಿದ್ದವು. ಅವರದು ಮಾತ್ರ ಹಸಿಮಣ್ಣು.

ಷರಾ ಅಂಕಣದಲ್ಲಿ ಕಂಡದ್ದು

ತಿಂಗಳ ಪೂಜೆ ಮುಗಿದ ಮೇಲೆ ಅಮ್ಮ ಮಂಚದ ಕೆಳಗಿನ ಪೆಟ್ಟಿಗೆಯಿಂದ ಹಾಜರಿ ಪುಸ್ತಕವನ್ನು ತೆಗೆದು ನನ್ನ ಕೈಗಿಟ್ಟರು. ಕೊನೆಯ ಪುಟಗಳನ್ನು ತಿರುವಿದೆ. ಜುಲೈ ತಿಂಗಳಿನಿಂದ ಷರಾ ಅಂಕಣದಲ್ಲಿ ಸಣ್ಣ ಅಕ್ಷರಗಳಲ್ಲಿ ಅಂಕಿಗಳಿದ್ದವು. '12, 2, 3.30.' ಮರುದಿನ '11, 1, 2, 4.' ಏನೆಂದು ಮೊದಲು ತಿಳಿಯಲಿಲ್ಲ. ಅಮ್ಮನೇ ಹೇಳಿದರು: ಅವು ರಾತ್ರಿ ನೋವಿನಿಂದ ಎಚ್ಚರವಾದ ಹೊತ್ತುಗಳು. ಶಾಲೆಯ ಮಕ್ಕಳ ಹಾಜರಿಯನ್ನು ಬರೆದಷ್ಟೇ ನಿಷ್ಠೆಯಿಂದ ಅವರು ತಮ್ಮ ನೋವಿನ ಹಾಜರಿಯನ್ನು ಬರೆದಿಟ್ಟಿದ್ದರು. ನಾವು ಪಕ್ಕದ ಕೋಣೆಯಲ್ಲಿ ನಿದ್ರಿಸುತ್ತಿದ್ದೆವು.

ಅದಕ್ಕಿಂತಲೂ ನನ್ನನ್ನು ಇರಿದದ್ದು ಇನ್ನೊಂದು. ಆಗಸ್ಟ್ ನಡುವಿನಿಂದ ಅಲ್ಲಲ್ಲಿ, ಸೆಪ್ಟೆಂಬರಿನಲ್ಲಿ ಹೆಚ್ಚಾಗಿ, ಅಕ್ಟೋಬರಿನಲ್ಲಿ ಸಾಲುಸಾಲಾಗಿ ಅವರ ಸ್ವಂತ ಹೆಸರಿನ ಮುಂದೆ 'ಗೈ' ಎಂದಿತ್ತು. ಅವರು ಒಂದು ದಿನವೂ ಜಪಸರವನ್ನು ತಪ್ಪಿಸಿರಲಿಲ್ಲ. ನಮ್ಮ ಕಣ್ಣಮುಂದೆಯೇ ಗೋಡೆಗೆ ಒರಗಿ ಕುಳಿತು ಮಣಿಗಳನ್ನು ಸರಿಸಿದ್ದರು. ಮೊದಲ 'ಗೈ'ಯ ಎದುರು ಒಂದು ಷರಾ ಇತ್ತು: 'ಕುಳಿತಿದ್ದೆ. ಮನಸ್ಸು ಇರಲಿಲ್ಲ.'

ಊರೆಲ್ಲ ಅವರನ್ನು ಸಂತರೆಂದು ಕೊಂಡಾಡುತ್ತಿದ್ದ ದಿನಗಳಲ್ಲಿ ಆ ಮನುಷ್ಯ ತನ್ನನ್ನು ತಾನು ಗೈರುಹಾಜರೆಂದು ಗುರುತಿಸಿಕೊಳ್ಳುತ್ತಿದ್ದರು. ನೋವು ಅವರನ್ನು ದೇವರ ಬಳಿಗೆ ಎತ್ತಿಕೊಂಡು ಹೋಗುತ್ತಿದೆ ಎಂದು ನಾವು ತಿಳಿದಿದ್ದೆವು. ಅದು ಅವರ ಪ್ರಾರ್ಥನೆಯನ್ನೇ ಕಿತ್ತುಕೊಂಡಿತ್ತು. ಜೀವಮಾನವಿಡೀ ಅವರ ಬಾಯಲ್ಲಿದ್ದ ಮಾತನ್ನು ರೋಗ ಕಸಿದಿತ್ತು. ಎದೆಯಲ್ಲಿದ್ದ ಮಾತನ್ನು ನೋವು ಕಸಿದಿತ್ತು.

ಪುಸ್ತಕದ ಕಡೆಯ ನಾಲ್ಕು ದಿನಗಳಲ್ಲಿ ಅಂಕಿಗಳಿಲ್ಲ. ಮೊದಲ ಎರಡು ದಿನ ಯಾವ ಗುರುತೂ ಇಲ್ಲ, ನಿದ್ದೆಯಲ್ಲಿದ್ದಿರಬೇಕು. ಆಮೇಲಿನ ಎರಡು ದಿನ, ತೀರಾ ನಡುಗುವ ಕೈಯಿಂದ, ಗೆರೆ ದಾಟಿಹೋದ ಅಕ್ಷರದಲ್ಲಿ, ತಮ್ಮ ಹೆಸರಿನ ಮುಂದೆ 'ಹಾ' ಎಂದು ಬರೆದಿದ್ದರು.

ನೋವು ಮತ್ತು ಧರ್ಮ

ಅಂದು ನನಗೆ ತಿಳಿಯದಿದ್ದುದನ್ನು ಬಳಿಕ ಓದಿ, ಕೇಳಿ ತಿಳಿದುಕೊಂಡೆ. ಕ್ಯಾನ್ಸರ್ ರೋಗಿಗಳ ನೋವನ್ನು ಮೆಟ್ಟಿಲು ಮೆಟ್ಟಿಲಾಗಿ ನಿವಾರಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಪ್ರಕಟಿಸಿತ್ತು. ಮೊದಲು ಸಾಮಾನ್ಯ ಮಾತ್ರೆ, ಸಾಲದಿದ್ದರೆ ಅದಕ್ಕಿಂತ ಬಲವಾದದ್ದು, ಅದೂ ಸಾಲದಿದ್ದರೆ ಮಾರ್ಫಿನ್. ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ, ಗಡಿಯಾರ ನೋಡಿ, ನಾಲ್ಕು ನಾಲ್ಕು ಗಂಟೆಗಳಿಗೊಮ್ಮೆ ಬಾಯಿಯ ಮೂಲಕ. ತಿಳಿದವರ ಮೇಲ್ವಿಚಾರಣೆಯಲ್ಲಿ ನೋವಿಗೆ ತಕ್ಕಷ್ಟು ಕೊಟ್ಟರೆ ಚಟ ಹತ್ತುವ ಭಯ ಬಹಳ ಕಡಿಮೆ. ವಿಪರ್ಯಾಸವೆಂದರೆ, ಮಾರ್ಫಿನ್ನಿಗೆ ಮೂಲವಾದ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಿಗೆಯೊಂದಿಗೆ ಬೆಳೆದು ಹೊರದೇಶಗಳಿಗೆ ಕಳುಹಿಸುವ ನಾಡು ನಮ್ಮದು. ಆದರೆ ಮಾದಕ ವಸ್ತುಗಳ ಹಾವಳಿಯನ್ನು ತಡೆಯಲು 1985ರಲ್ಲಿ ಬಂದ ಕಠಿಣ ಕಾನೂನು, ಹತ್ತಾರು ಪರವಾನಿಗೆಗಳ ತೊಡಕಿನಿಂದಾಗಿ, ರೋಗಿಗಳಿಗೂ ಆ ಔಷಧ ಸಿಗದಂತೆ ಮಾಡಿತು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ಚಿಕಿತ್ಸೆಗೆ ಬಳಕೆಯಾಗುವ ಮಾರ್ಫಿನ್ ಶೇಕಡ 90ಕ್ಕೂ ಹೆಚ್ಚು ಕುಸಿಯಿತು. ಆ ಕುಸಿತದ ನಡುವಿನ ವರ್ಷಗಳಲ್ಲಿ ನನ್ನ ತಂದೆಯವರು ಮಂಚದ ಮೇಲಿದ್ದರು.

ಧರ್ಮಸಭೆಯ ಬೋಧನೆಯನ್ನೂ ನಾವು ಅರ್ಧವಷ್ಟೇ ಕೇಳಿಸಿಕೊಂಡಿದ್ದೆವು. ನೋವನ್ನು ಪ್ರೀತಿಯಿಂದ ಸಹಿಸಿ ಯೇಸುವಿನ ಯಾತನೆಯೊಂದಿಗೆ ಅರ್ಪಿಸುವುದು ಪುಣ್ಯವೆಂಬುದು ನಿಜ. ಆದರೆ ಆ ಅರ್ಪಣೆ ರೋಗಿಯ ಸ್ವಂತ ಇಚ್ಛೆಯಿಂದ ಆಗಬೇಕಾದದ್ದು. ಪಕ್ಕದಲ್ಲಿ ಕುಳಿತವರು ಅವನ ಪರವಾಗಿ ನಿರ್ಧರಿಸುವಂಥದ್ದಲ್ಲ. ಹನ್ನೆರಡನೆಯ ಭಕ್ತಿನಾಥ ಪೋಪರು 1957ರ ಫೆಬ್ರವರಿ 24ರಂದು ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತ, ಬೇರೆ ದಾರಿಯಿಲ್ಲದಾಗ, ಆಯುಷ್ಯ ಸ್ವಲ್ಪ ಕಡಿಮೆಯಾಗುವ ಸಂಭವವಿದ್ದರೂ, ನೋವನ್ನು ತಗ್ಗಿಸುವ ಉದ್ದೇಶದಿಂದ ಇಂತಹ ಔಷಧಗಳನ್ನು ಕೊಡುವುದು ಧರ್ಮಸಮ್ಮತವೆಂದು ಸ್ಪಷ್ಟಪಡಿಸಿದ್ದರು. ಎರಡನೆಯ ಜಾನ್ ಪಾವ್ಲ್ ಪೋಪರು 1984ರಲ್ಲಿ ಮಾನವನ ಯಾತನೆಯ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಶಿಲುಬೆಯ ಜೊತೆಯಲ್ಲೇ ದಯಾಳು ಸಮಾರಿಯನ ಸಾಮತಿಯನ್ನೂ ವಿವರವಾಗಿ ಎತ್ತಿಕೊಂಡಿದ್ದಾರೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಆ ಸಮಾರಿಯನು, "ಎಷ್ಟು ಚೆನ್ನಾಗಿ ಸಹಿಸುತ್ತಿದ್ದಾನೆ!" ಎಂದು ಹೊಗಳಿ ಮುಂದೆ ನಡೆಯಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದು ಪಟ್ಟಿ ಕಟ್ಟಿದನು. ನಾವು ಸಂತನನ್ನು ಹೊಗಳಿದೆವು, ಸಮಾರಿಯನಾಗಲು ಮರೆತೆವು.

ಅದೇ ಪೋಪರು ಪ್ರತಿವರ್ಷ ಫೆಬ್ರವರಿ 11ನ್ನು ವಿಶ್ವ ರೋಗಿಗಳ ದಿನವನ್ನಾಗಿ ಆಚರಿಸಬೇಕೆಂದು ಸಾರಿದ್ದು 1992ರಲ್ಲಿ. ಅದರ ಮೊದಲ ಆಚರಣೆ 1993ರಲ್ಲಿ, ತಂದೆಯವರು ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ. ಅದೇ ವರ್ಷ, ನಮ್ಮ ಮಂಗಳೂರಿನಿಂದ ಒಂದು ರೈಲು ಪ್ರಯಾಣದಷ್ಟು ದೂರದ ಕೋಳಿಕ್ಕೋಡಿನಲ್ಲಿ ಕೆಲವು ವೈದ್ಯರು ಸೇರಿ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆಗಾಗಿ ಒಂದು ಸಂಘವನ್ನು ಕಟ್ಟಿದರು. ಅಲ್ಲಿಂದ ಬೆಳೆದ ಚಳವಳಿಯಲ್ಲಿ ಕೇರಳದ ಊರೂರುಗಳಲ್ಲಿ ಸಾಮಾನ್ಯ ಜನರೇ ತರಬೇತಿ ಪಡೆದು ಗುಣವಾಗದ ರೋಗಿಗಳ ಮನೆಬಾಗಿಲಿಗೆ ಹೋಗತೊಡಗಿದರು. ಬೆಂಗಳೂರಿನ ಕರುಣಾಶ್ರಯವು 1990ರ ದಶಕದಿಂದ ಇಂತಹ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಕಾನೂನಿನ ಆ ತೊಡಕುಗಳನ್ನು ಸಂಸತ್ತು 2014ರಲ್ಲಿ ತಿದ್ದುಪಡಿ ಮಾಡಿ ಸಡಿಲಿಸಿತು.

ಕೇಳಬೇಕಾದ ಪ್ರಶ್ನೆ

ಇಂದು ನಾನು ನಮ್ಮ ಧರ್ಮಕೇಂದ್ರದ ಇಬ್ಬರು ಮೂವರ ಜೊತೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತೇನೆ. ನಾವು ವೈದ್ಯರಲ್ಲ. ಹಣ್ಣು ಕೊಟ್ಟು, ಒಂದು ಪ್ರಾರ್ಥನೆ ಹೇಳಿ ಎದ್ದುಬರುವುದು ಹಿಂದಿನಿಂದ ಬಂದ ಪದ್ಧತಿ. ಈಗ ಅದಕ್ಕೆ ಒಂದು ಪ್ರಶ್ನೆಯನ್ನು ಸೇರಿಸಿಕೊಂಡಿದ್ದೇನೆ: "ನೋವು ಎಷ್ಟಿದೆ? ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ?" ಮನೆಯವರ ಮುಂದೆ "ಏನೂ ಇಲ್ಲ" ಎನ್ನುವವರು, ಒಬ್ಬರೇ ಇರುವಾಗ ಕೇಳಿದರೆ ನಿಜ ಹೇಳುತ್ತಾರೆ. ಅದರಲ್ಲೂ ತಂದೆಯರು. ಮಕ್ಕಳಿಗೆ ಭಾರವಾಗಬಾರದೆಂಬ ಒಂದೇ ಯೋಚನೆಯಿಂದ ಅವರು ಎಷ್ಟನ್ನು ಮುಚ್ಚಿಡುತ್ತಾರೆಂಬುದಕ್ಕೆ ಲೆಕ್ಕವಿಲ್ಲ. ಆ ಉತ್ತರವನ್ನು ಬರೆದುಕೊಂಡು ವೈದ್ಯರಿಗೆ ತಲಪಿಸುವುದು ಮಕ್ಕಳಾದ ನಮ್ಮ ಕರ್ತವ್ಯ. ಗುಣಪಡಿಸಲು ಮದ್ದಿಲ್ಲದಿರಬಹುದು, ನೋವಿಗೆ ಮದ್ದಿದೆ.

ತಂದೆಯವರ ಸ್ಲೇಟನ್ನು ಅಮ್ಮ ಆಗಲೇ ಶಾಲೆಗೆ ಹಿಂತಿರುಗಿಸಿದರು. ಅದು ಶಾಲೆಯ ಸೊತ್ತು, ಮರಳಿ ಕೊಡಬೇಕು ಎಂದು ಅವರೇ ಬರೆದಿದ್ದರಂತೆ. ಹಾಜರಿ ಪುಸ್ತಕ ನನ್ನ ಬಳಿ ಇದೆ. ಪ್ರತಿವರ್ಷ ನವೆಂಬರ್ 2ರಂದು ಸಮಾಧಿಯ ಮುಂದೆ ಮೇಣದ ಬತ್ತಿ ಹಚ್ಚಿ, ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಪ್ರಾರ್ಥಿಸುತ್ತೇವೆ. ಎಲ್ಲರೂ ದೂರ ಸರಿದ ಮೇಲೆ ನಾನು ಕೈಜೋಡಿಸಿ, ಹಿಂದಿನಂತೆಯೇ, "ಬೆಸಾಂವ್ ದೀ ಪಪ್ಪಾ" ಎನ್ನುತ್ತೇನೆ. ಪಕ್ಕದ ಕೋಣೆಯಲ್ಲಿ ನಿದ್ದೆಹೋದ ಮಗನನ್ನು ಅವರು ಗೈರುಹಾಜರೆಂದು ಬರೆದಿರಲಾರರು. ಆದರೂ ಆ ರಾತ್ರಿಗಳ ಮಟ್ಟಿಗೆ ನನ್ನ ಹೆಸರಿನ ಮುಂದೆ ಇರಬೇಕಾದ ಅಕ್ಷರ ಯಾವುದೆಂದು ನನಗೆ ತಿಳಿದಿದೆ.

ನಿಮ್ಮ ಮನೆಯಲ್ಲಿಯೂ ಹೀಗೆ ಮೌನವಾಗಿ ಮಲಗಿರುವ ಹಿರಿಯರಿದ್ದರೆ, ಇಂದು ರಾತ್ರಿ ಅವರ ಬಳಿ ಸ್ವಲ್ಪ ಹೊತ್ತು ಕುಳಿತು ಆ ಒಂದು ಪ್ರಶ್ನೆಯನ್ನು ಕೇಳಿರಿ. ಅಗಲಿದ ಎಲ್ಲ ತಂದೆತಾಯಿಯರ ಆತ್ಮಗಳಿಗೆ ದೇವರು ಚಿರಶಾಂತಿಯನ್ನು ಕರುಣಿಸಲಿ.